ಹಂಸದ ಅಂಚಿನ ಗಿಟಾರು

ನಮ್ಮದು ಸಾಗರದಲ್ಲಿ ಗಂಧದ ಕೆತ್ತನೆ ಮಾಡುವವರ ಮನೆ. ಅಪ್ಪಯ್ಯ ಪೆಟ್ಟಿಗೆ ಮಾಡಲಿ, ಬೀಸಣಿಗೆ ಮಾಡಲಿ, ಒಂದು ಅಂಚು ಕೆತ್ತದೆ ಕೆಳಗಿಡುತ್ತಿರಲಿಲ್ಲ. ಅಂಚಿಲ್ಲದ ಕೆಲಸ ಅವರಿಗೆ ಸೆರಗಿಲ್ಲದ ಸೀರೆಯಂತೆ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸ ಜೋರಾಗಿ ನಡೆಯುತ್ತಿದ್ದ ಕಾಲ. ಅಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಮಂಗಳೂರು ಕಡೆಯ ಹುಡುಗನೊಬ್ಬ ಒಂದು ದಿನ ಗಿಟಾರು ಹೊತ್ತುಕೊಂಡು ಬಂದ. ಥಂಡಿಗೆ ಅದರ ಕತ್ತಿನ ಮೇಲಿನ ಪಟ್ಟಿ ಸೀಳಿ ಎದ್ದುಬಂದಿತ್ತು. ವೀಣೆಯಲ್ಲಿರುವಂಥ ಮೆಟ್ಟಿಲುಗಳು ಕೂತಿರುವುದು ಆ ಪಟ್ಟಿಯ ಮೇಲೆಯೇ. ಮುಂದಿನ ವಾರ ಅವನ ತಂಗಿಯ ಮದುವೆ. ಅವಳು ಇಗರ್ಜಿಯಿಂದ ಹೊರಬರುವಾಗ ತಾನೇ ಬಾರಿಸುತ್ತೇನೆಂದು ಮಾತು ಕೊಟ್ಟಿದ್ದನಂತೆ. ತೀರ್ಥಹಳ್ಳಿಯವರೆಗೂ ಹೋಗಿ ಬಡಗಿಗಳನ್ನು ಕೇಳಿದ್ದ. ಯಾರೂ ಕೈ ಹಾಕಲು ಒಪ್ಪಿರಲಿಲ್ಲ.

"ಮರ ತಾನೆ? ಬಿಟ್ಟು ಹೋಗು" ಅಂದರು ಅಪ್ಪಯ್ಯ.

ಬೀಟೆಮರದ ಹೊಸ ಪಟ್ಟಿಯೊಂದನ್ನು ಉಜ್ಜಿ ನಯ ಮಾಡಿ, ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು, ಸೂಜಿಮೊನೆಯಲ್ಲಿ ಒಂದೊಂದೇ ಗೆರೆ ಇಳಿಸಿಕೊಂಡರು. ಸಣ್ಣ ಗರಗಸದಲ್ಲಿ ಸೀಳು ಕೊರೆದು ಹಳೆಯ ಹಿತ್ತಾಳೆ ಮೆಟ್ಟಿಲುಗಳನ್ನೇ ಕೂರಿಸಿದರು. ಇಲ್ಲಿಯವರೆಗೆ ಎಲ್ಲ ಸರಿ. ಪಟ್ಟಿಯ ತಲೆಯ ಕಡೆ, ತಂತಿಗಳು ಹಾದುಹೋಗುವ ಕಚ್ಚುಗಳಿರುವ ಒಂದು ಮೂಳೆಯ ತುಂಡು ಬರಬೇಕು. ಹುಡುಗ ಅದಕ್ಕೆ ನಟ್ ಅನ್ನುತ್ತಿದ್ದ. ಅದನ್ನು ಕೂರಿಸುವ ಹೊತ್ತಿಗೆ ಅಪ್ಪಯ್ಯನ ಕೈ ಸುಮ್ಮನಿರಬೇಕಲ್ಲ! ಪಟ್ಟಿಯನ್ನು ಅರ್ಧ ಬೆರಳಿನಷ್ಟು ಉದ್ದ ಬಿಟ್ಟುಕೊಂಡು, ಆ ಜಾಗದಲ್ಲಿ ಹಂಸಗಳ ಸಾಲು ಕೆತ್ತಿ, ನಟ್ಟನ್ನು ಅದರಾಚೆಗೆ ಅಂಟಿಸಿದರು.

"ಈಗ ನೋಡು, ಕಳೆ ಬಂತು."

ನಿಜಕ್ಕೂ ಬಂದಿತ್ತು. ನಾನೂ ಹಾಗೇ ಅಂದೆ.

ಹುಡುಗ ಬಂದು ತಂತಿ ಕಟ್ಟಿ, ಬಿಗಿದು, ಮೀಟಿ ನೋಡಿದ. "ಭಾರೀ ಚಂದ ಉಂಟು" ಎಂದು ನಕ್ಕ. ಬಾಯಲ್ಲಿ ಕಲ್ಲು ಸಿಕ್ಕಿದರೂ ಊಟ ಚೆನ್ನಾಗಿದೆ ಎನ್ನುವ ನೆಂಟನ ಮುಖ ಅದು. ಹಾರ್ಮೋನಿಯಂ ಕಲಿತ ನನ್ನ ಕಿವಿ ಸುಮ್ಮನಿರಲಿಲ್ಲ.

"ಎಂತ ಚಂದ? ಅಪಸ್ವರ!"

"ನಿನ್ ಕಿವಿ ಕೆಟ್ಟಿರ್ಬೇಕು. ಅಳತೆ ಕೂದಲಷ್ಟೂ ತಪ್ಪಿಲ್ಲ" ಎಂದು ಅಪ್ಪಯ್ಯ ಕೆರಳಿದರು.

ನನಗೂ ರೇಗಿತು. "ತಂತಿಯ ಸರಿಯಾದ ಮಧ್ಯ ಎಲ್ಲಿ ಬರ್ಬೇಕು?" ಎಂದು ಹುಡುಗನನ್ನೇ ಕೇಳಿದೆ. "ಹನ್ನೆರಡನೇ ಮೆಟ್ಟಿಲಲ್ಲಿ" ಎಂದು ನೆಲ ನೋಡುತ್ತಾ ಹೇಳಿದ. ಹೊಲಿಗೆಯ ದಾರ ತಂದು, ನಟ್ಟಿನಿಂದ, ತಂತಿಗಳ ಇನ್ನೊಂದು ತುದಿಯನ್ನು ಹೊರುವ ಕೆಳಗಿನ ಕುದುರೆಯವರೆಗೆ ಹಿಡಿದು, ಎರಡು ಮಡಿಕೆ ಮಾಡಿ ಇಟ್ಟೆ. ಮಡಿಕೆ ಹನ್ನೆರಡನೆಯದರ ಮೇಲೆ ಬೀಳದೆ ಹಂಸಗಳ ಕಡೆಗೆ ಸರಿದು ನಿಂತಿತು. ಅಪ್ಪಯ್ಯ ದಾರ ಕಿತ್ತುಕೊಂಡು ತಾವೇ ಅಳೆದರು. ಹಂಸಗಳಿಗೆ ಜಾಗ ಬಿಟ್ಟಷ್ಟೂ ತಂತಿ ಉದ್ದವಾಗಿತ್ತು.

"ಅಷ್ಟು ಚಂದದ ಕೆಲಸ, ತೆಗೀಬೇಡಿ. ನಾನು ಹೇಗಾದ್ರೂ ಸುಧಾರಿಸ್ತೇನೆ" ಎಂದು ಹುಡುಗ ಗೋಗರೆದ.

ಅಪ್ಪಯ್ಯ ಆಗಲೇ ತಂತಿ ಬಿಚ್ಚಿ ಗರಗಸ ಎತ್ತಿಕೊಂಡಾಗಿತ್ತು. ಹಂಸಗಳು ಪುಡಿಯಾಗಿ ಅವರ ಪಂಚೆಯ ಮೇಲೆ ಉದುರಿದವು. ಜಗಳ ತೆಗೆದವಳು ನಾನೇ, ಆದರೂ ಅಳು ಬಂತು. ನಟ್ಟು ತನ್ನ ಜಾಗಕ್ಕೆ ಬಂದು ಕೂತಿತು. ಬೆರಳೊತ್ತದ ತಂತಿಯ ಷಡ್ಜಕ್ಕೆ ಹನ್ನೆರಡನೇ ಮೆಟ್ಟಿಲು ಮೇಲಿನ ಷಡ್ಜವನ್ನು ಚೊಕ್ಕವಾಗಿ ಕೊಟ್ಟಿತು. ಹುಡುಗ ಮದುವೆಯ ಹಾಡನ್ನು ಪೂರ್ತಿ ಬಾರಿಸಿದ, ಅಪ್ಪಯ್ಯ ತೊಡೆಯ ಮೇಲೆ ತಾಳ ಹಾಕಿದರು.

ಅವನು ಬಸ್ಸಿಗೆ ಹೋದಮೇಲೆ ಅಪ್ಪಯ್ಯ ಕೇಳಿದರು: "ಅವನಿಗೆ ಮೊದ್ಲೇ ಗೊತ್ತಾಗಿತ್ತು, ಅಲ್ವ?"

"ಮೀಟಿದ ಕೂಡ್ಲೇ."

"ನಂಗೆ ಬೇಜಾರಾಗ್ಬಾರ್ದು ಅಂತ ತಂಗಿ ಮದುವೇಲಿ ಆ ಅಪಸ್ವರಾನೇ ಬಾರಿಸ್ತಿದ್ದ." ಉಳಿ ಒರೆಸಿಟ್ಟರು. "ಒಳ್ಳೆ ಹುಡುಗ. ಆದ್ರೆ ಕೆಲಸ ಮಾಡೋನ ಮನೇಲಿ ನಿನ್ನಂಥ ಬಾಯಿಬಡುಕಿ ಒಬ್ಬಳು ಇರ್ಬೇಕು ಕಣೆ."

ಅಪ್ಪಯ್ಯ ನನ್ನನ್ನು ಹೊಗಳಿದ್ದು ಅದೊಂದೇ ಸಲ.