ಕ್ರಾಸಿನವರೆಗೆ ಜಮ್ಫಿರತ್ತೆ

ಬೆಳಿಗ್ಗೆ ಐದೂ ಕಾಲು. ಕೋರ್ನಿಶೋರಾ ಊರಿನ ಚರ್ಚಿನ ಬೇಲಿ ಪಕ್ಕ ಹತ್ತು ಮಕ್ಕಳು ಆಕಳಿಸುತ್ತ ನಿಂತಿದ್ದಾರೆ. ಶಾಲೆ ಶುರುವಾಗುವುದು ಸೋಮವಾರ. ಇವತ್ತಿನ್ನೂ ಗುರುವಾರ. ಯಾರ ಬೆನ್ನಿಗೂ ಚೀಲವಿಲ್ಲ. ಇವರು ಬಂದಿರುವುದು ರಸ್ತೆಯಲ್ಲಿ ನಡೆಯುವುದನ್ನು ಕಲಿಯಲು. ತಲೆಗೆ ವಸ್ತ್ರ ಕಟ್ಟಿಕೊಂಡು, ರಬ್ಬರ್ ಬೂಟು ತೊಟ್ಟ ಕುಳ್ಳನೆಯ ಹೆಂಗಸೊಬ್ಬರು ರಟ್ಟಿನ ಡಬ್ಬಿಯಿಂದ ಬೆಳಕು ಬಿದ್ದರೆ ಮಿಂಚುವ ಪಟ್ಟಿಯ ಹಳದಿ ಜಾಕೆಟ್ಟುಗಳನ್ನು ಒಂದೊಂದಾಗಿ ತೆಗೆದು ಅವರಿಗೆ ಹಂಚುತ್ತಿದ್ದಾರೆ.

"ಅತ್ತೆ, ಇದನ್ನ ಹಾಕ್ಕೊಂಡು ಬಸ್ ಹತ್ತಿದ್ರೆ ಪಟ್ಟಣದ ಹುಡುಗೀರು ರಸ್ತೆ ಗುಡಿಸೋನು ಬಂದ ಅಂತಾರೆ," ಎಂದು ಉದ್ದನೆಯ ಹುಡುಗನೊಬ್ಬ ಗೊಣಗುತ್ತಾನೆ.

"ರಸ್ತೆ ಗುಡಿಸೋನು ಸಂಜೆ ಮನೆ ಸೇರ್ತಾನಲ್ಲಪ್ಪ. ಹಾಕ್ಕೋ. ಬಸ್ ಹತ್ತಿದ್ಮೇಲೆ ಬಿಚ್ಚಿ ಚೀಲಕ್ಕೆ ತುರುಕ್ಕೋ, ನಾನೇನು ಅಲ್ಲಿಗೆ ಬಂದು ನೋಡ್ತೀನಾ?"

ಮಕ್ಕಳು ನಗುತ್ತಾರೆ. ಆಕೆ ಮಾತ್ರ ನಗದೆ ಪಟ್ಟಿ ನೋಡಿ ಹೆಸರು ಕೂಗುತ್ತಾರೆ. ಪಟ್ಟಿಯಲ್ಲಿ ಹನ್ನೊಂದು ಹೆಸರುಗಳಿವೆ, ಮಕ್ಕಳು ಹತ್ತೇ. ಹನ್ನೊಂದನೆಯ ಹೆಸರನ್ನು ಆಕೆ ಜೋರಾಗಿ ಕೂಗುವುದಿಲ್ಲ. ಒಂದು ನಿಮಿಷ ಕಾಯುತ್ತಾರೆ, ಆಮೇಲೆ ಟಾರ್ಚು ಹಚ್ಚಿ ಮುಂದೆ ಹೊರಡುತ್ತಾರೆ.

ಇವರು ಜಮ್ಫಿರಾ ಉರ್ಸಾಕೆ. ವಯಸ್ಸು ಐವತ್ತೇಳು. ಊರಿನ ಮಕ್ಕಳಿಗೆಲ್ಲ ಜಮ್ಫಿರತ್ತೆ. ಸರ್ಕಾರದ ಕಾಗದದಲ್ಲಿ ಇವರ ಹುದ್ದೆಗೆ 'ಶಾಲಾ ಮಧ್ಯವರ್ತಿ' ಎಂದು ಹೆಸರು. ಶಾಲೆಗೂ ಮನೆಗೂ ನಡುವೆ ಓಡಾಡುವುದು ಕೆಲಸ. ಕೋರ್ನಿಶೋರಾದ ಶಾಲೆ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತನೆಯದಕ್ಕೆ ಪಟ್ಟಣಕ್ಕೆ ಹೋಗಬೇಕು. ಪಟ್ಟಣ ಹೆದ್ದಾರಿಯಲ್ಲಿ ಇಪ್ಪತ್ತೆರಡು ಕಿಲೋಮೀಟರ್ ದೂರ, ಹೆದ್ದಾರಿಯ ಕ್ರಾಸು ಊರಿಂದ ನಾಲ್ಕು ಕಿಲೋಮೀಟರ್. ಬಸ್ಸು ಕ್ರಾಸಿನಲ್ಲಿ ನಿಲ್ಲುತ್ತದೆ, ಊರೊಳಗೆ ಬರುವುದಿಲ್ಲ. ಪೂರ್ವ ರೊಮೇನಿಯಾದ ನಮ್ಮ ಗುಡ್ಡಗಳಲ್ಲಿ ಇಂಥ ಊರು ಇದೊಂದೇ ಅಲ್ಲ. ಇವರ ಬಗ್ಗೆ ಬರೆಯಲು ಬಂದಿರುವ ನಾನು ಹುಟ್ಟಿದ್ದೂ ಇಂಥದೇ ಒಂದರಲ್ಲಿ.

ಆಗಸ್ಟ್ ಅರ್ಧ ಕಳೆಯಿತೆಂದರೆ ಜಮ್ಫಿರಾ ಮನೆ ಮನೆ ತಿರುಗಲು ಶುರು ಮಾಡುತ್ತಾರೆ. ಹೆಂಗಸರು ಅಂಗಳದಲ್ಲಿ ಚಳಿಗಾಲಕ್ಕೆಂದು ದೊಣ್ಣೆಮೆಣಸಿನಕಾಯಿ ಸುಡುತ್ತಿರುತ್ತಾರೆ. ಆ ಹೊಗೆಯಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೆರಡು ಕಾಯಿಯ ಸಿಪ್ಪೆ ಬಿಡಿಸಿಕೊಡುತ್ತ ಮಾತು ತೆಗೆಯುತ್ತಾರೆ. ಶಾಲೆಗೆ ಕೊಡೋ ವೈದ್ಯರ ಚೀಟಿ ಆಯ್ತಾ? ಡಾಕ್ಟರು ಊರಿಗೆ ಬರುವುದು ಮಂಗಳವಾರ ಮಾತ್ರ. ಹುಡುಗ ಎಷ್ಟು ಗಂಟೆಗೆ ಮಲಗುತ್ತಾನೆ? ಇವತ್ತಿಂದ ದಿನಕ್ಕೆ ಕಾಲು ಗಂಟೆ ಮುಂಚೆ ಮಲಗಿಸಿ, ಕಾಲು ಗಂಟೆ ಮುಂಚೆ ಎಬ್ಬಿಸಿ. ಬೂಟು ತೋರಿಸಿ, ಅಡಿ ನೋಡ್ತೀನಿ. ಅಪ್ಪ ಅಮ್ಮ ಇಟಲಿಯಲ್ಲೋ ಜರ್ಮನಿಯಲ್ಲೋ ದುಡಿಯುತ್ತಿದ್ದು ಅಜ್ಜಿಯೊಬ್ಬಳೇ ಮನೆಯಲ್ಲಿದ್ದರೆ, ವೇಳಾಪಟ್ಟಿಯನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿ ಬರುತ್ತಾರೆ. ಹಸಿರು ಇದ್ದ ದಿನ ಮಧ್ಯಾಹ್ನದ ಬಸ್ಸು, ಕೆಂಪು ಇದ್ದ ದಿನ ಸಂಜೆಯದು.

"ಮಕ್ಕಳಿಗಿಂತ ಮನೆಯೋರಿಗೇ ಭಯ ಜಾಸ್ತಿ," ಎನ್ನುತ್ತಾರೆ ಜಮ್ಫಿರಾ. "ಬಾಯಿಬಿಟ್ಟು ಹೇಳಲ್ಲ. ಹೊಲದಲ್ಲಿ ಕೆಲಸ ಇದೆ ಅಂತಾರೆ, ಹುಡುಗೀಗೆ ಜ್ವರ ಅಂತಾರೆ. ನಾನು ಕೇಳಿಸ್ಕೊಂಡು ಕೂತ್ಕೋತೀನಿ. ಎದ್ದು ಹೋಗಲ್ಲ, ಅಷ್ಟೇ ನನ್ನ ವಿದ್ಯೆ."

ಅವರ ವಿದ್ಯೆಯದೂ ಒಂದು ಕಥೆ. ಜಮ್ಫಿರಾ ಸ್ವತಃ ಎಂಟಕ್ಕೆ ಶಾಲೆ ಬಿಟ್ಟವರು. ಹದಿನೆಂಟು ವರ್ಷ ಇದೇ ಶಾಲೆಯ ನೆಲ ಒರೆಸಿದರು. ನಲವತ್ತು ದಾಟಿದ ಮೇಲೆ ದೊಡ್ಡವರ ತರಗತಿಗೆ ಸೇರಿ ಹನ್ನೆರಡು ಪಾಸು ಮಾಡಿ ಈ ಕೆಲಸ ಹಿಡಿದರು. ಗಂಡ ಗ್ರಿಗೋರೆ ಬಾಗಿಲಲ್ಲಿ ನಿಂತು ನನಗೆ ಹೇಳುತ್ತಾರೆ: "ಮದುವೆ ಆದಾಗ ಇವಳು ಬಾವೀವರೆಗೆ ಹೋಗೋಕೂ ಗೊಣಗ್ತಿದ್ಲು. ಈಗ ನೋಡಿ, ನಿಲ್ಲಿಸೋಕೇ ಆಗಲ್ಲ."

"ಸಾರು ಉಕ್ತಾ ಇದೆ, ಒಳಗೆ ಹೋಗು," ಎನ್ನುತ್ತಾರೆ ಜಮ್ಫಿರಾ.

ಗ್ರಿಗೋರೆ ಒಳಗೆ ಹೋದ ಮೇಲೆ ನಾನು ಹನ್ನೊಂದನೆಯ ಹೆಸರಿನ ಬಗ್ಗೆ ಕೇಳುತ್ತೇನೆ. ಆಕೆ ಊರಿಗೆಲ್ಲ ಗೊತ್ತಿರುವುದನ್ನು ನನ್ನಿಂದ ಮುಚ್ಚಿಡುವುದೇಕೆ ಎಂಬಂತೆ, ಹೇಳುತ್ತಾರೆ.

ನಾಲ್ಕು ವರ್ಷದ ಹಿಂದೆ ಎಂಟನೆಯದು ಮುಗಿಸಿದವರಲ್ಲಿ ಲೋರೆನಾ ಎಂಬ ಹುಡುಗಿ ಇದ್ದಳು. ಗಣಿತದಲ್ಲಿ ಚುರುಕು. ತಂದೆ ಜರ್ಮನಿಯ ಕಸಾಯಿಖಾನೆಯೊಂದರಲ್ಲಿ ಕೆಲಸಕ್ಕಿದ್ದ, ಈಗಲೂ ಇದ್ದಾನೆ. ತಾಯಿ ನಿಕುಲಿನಾಗೆ ಮಗಳನ್ನು ಕಳಿಸಲು ಮನಸ್ಸಿರಲಿಲ್ಲ. ಜಮ್ಫಿರಾ ಮೂರು ಸಲ ಆ ಮನೆಗೆ ಹೋದರು. ಮೂರನೆಯ ಸಲ ನಿಕುಲಿನಾ, "ಏನಾದ್ರೂ ಆದ್ರೆ ನೀವು ಜವಾಬ್ದಾರಿನಾ ಅಕ್ಕಾ?" ಎಂದು ಕೇಳಿದಳು.

"ಹೂಂ ಅಂದೆ," ಎನ್ನುತ್ತಾರೆ ಜಮ್ಫಿರಾ. "ನಗ್ತಾ ಅಂದೆ. ಏನು ಆಗುತ್ತೆ, ಬಸ್ಸಲ್ಲಿ ಹೋಗಿ ಬಸ್ಸಲ್ಲಿ ಬರ್ತಾಳೆ ಅಂತ."

ನವೆಂಬರ್ ತಿಂಗಳು. ಒಂದು ದಿನ ಮಧ್ಯಾಹ್ನದ ಬಸ್ಸು ಬರಲೇ ಇಲ್ಲ. ಸಂಜೆಯದು ತಡವಾಗಿ ಕ್ರಾಸಿಗೆ ಬಂದಾಗ ಐದೂವರೆ, ಆಗಲೇ ಕತ್ತಲು. ಜೊತೆಯವರು ಯಾರೂ ಇರಲಿಲ್ಲ. ಕಪ್ಪು ಕೋಟು ತೊಟ್ಟಿದ್ದ ಲೋರೆನಾ ದೀಪವಿಲ್ಲದ ರಸ್ತೆಯಲ್ಲಿ ಊರಿನ ಕಡೆ ಹೊರಟಳು. ಎರಡನೆಯ ಕಿಲೋಮೀಟರಿನ ತಿರುವಿನಲ್ಲಿ ಮರ ತುಂಬಿದ ಲಾರಿ ಬಂತು. ಚಾಲಕನಿಗೆ ಏನೂ ಕಾಣಲಿಲ್ಲವಂತೆ. ವಿಚಾರಣೆ ನಡೆಯಿತು, ಮುಗಿಯಿತು.

ಮದುವೆಯಾಗದ ಹುಡುಗಿ ತೀರಿಕೊಂಡರೆ ನಮ್ಮಲ್ಲಿ ಮದುವಣಗಿತ್ತಿಯಂತೆ ಸಿಂಗರಿಸಿ ಕಳಿಸುತ್ತಾರೆ. ಲೋರೆನಾಗೆ ತೊಡಿಸಿದ ಬಿಳಿ ಉಡುಪು ಬೇರೆಯವರದ್ದು, ದೊಡ್ಡದಾಗಿತ್ತು, ಹಿಂದೆ ಪಿನ್ನು ಹಾಕಿದ್ದರು. ಜಮ್ಫಿರಾ ಗೇಟಿನ ಹೊರಗೇ ನಿಂತಿದ್ದರು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ನಲವತ್ತನೆಯ ದಿನ ಸತ್ತವಳ ಹೆಸರಲ್ಲಿ ಬೇಯಿಸಿದ ಗೋಧಿಯ ಸಿಹಿಯನ್ನು ನಿಕುಲಿನಾ ಊರಿನ ಪ್ರತಿ ಮನೆಗೂ ಕೊಟ್ಟಳು, ಒಂದು ಮನೆ ಬಿಟ್ಟು. ಅವತ್ತಿಂದ ಆಕೆ ಜಮ್ಫಿರಾ ಜೊತೆ ಮಾತಾಡಲಿಲ್ಲ.

ಕೆಲಸ ಬಿಡುತ್ತೇನೆಂದು ಜಮ್ಫಿರಾ ಹೆಡ್‌ಮಾಸ್ಟರಿಗೆ ಪತ್ರ ಬರೆದು ಕೊಟ್ಟರು. ಅವರು ಅದನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡು, ಬೇಸಿಗೆವರೆಗೆ ಯೋಚನೆ ಮಾಡಿ ಅಂದರು. ಮುಂದಿನ ಸೆಪ್ಟೆಂಬರಿನಲ್ಲಿ ಎಂಟು ಮುಗಿಸಿದ ಒಂಬತ್ತು ಮಕ್ಕಳಲ್ಲಿ ಪಟ್ಟಣಕ್ಕೆ ಹೋದವರು ಇಬ್ಬರು. ಮಿಕ್ಕ ಏಳು ಮನೆಯವರು ಹೇಳಿದ್ದು ಒಂದೇ ಮಾತು, ಆ ರಸ್ತೆಗೆ ನಮ್ಮ ಮಗುನ ಕಳಿಸಲ್ಲ. ಆ ಇಬ್ಬರನ್ನು ಕ್ರಾಸಿಗೆ ಬಿಡಲು ಜಮ್ಫಿರಾ ಅವತ್ತು ಬೆಳಿಗ್ಗೆ ಟಾರ್ಚು ಹಿಡಿದು ಹೊರಟರು. ಹೊರಟವರು ನಿಂತಿಲ್ಲ. ಬೆಳಿಗ್ಗೆ ಹೋಗಿ ಬರುವುದು ಎಂಟು ಕಿಲೋಮೀಟರ್, ಸಂಜೆ ಮತ್ತೆ ಎಂಟು. ಈ ಕೆಲಸ ಅವರ ಹುದ್ದೆಯ ಕಾಗದದಲ್ಲಿ ಎಲ್ಲೂ ಬರೆದಿಲ್ಲ. ಬಸ್ಸು ಊರಿಗೆ ಬರಲಿ ಎಂದು ಒಂಬತ್ತು ಅರ್ಜಿ ಕೊಟ್ಟಿದ್ದಾರೆ. ಬಂದಿರುವುದು ತಿರುವಿನಲ್ಲಿ ಒಂದು ದೀಪದ ಕಂಬ. ಅದೂ ಗಾಳಿ ಬಂದರೆ ಆರುತ್ತದೆ.

ಈ ವರ್ಷ ಎಂಟು ಮುಗಿಸಿದವರಲ್ಲಿ ಲೋರೆನಾಳ ತಂಗಿ ಯಾಸ್ಮಿನಾ ಇದ್ದಾಳೆ.

ಜುಲೈನಲ್ಲಿ ಒಂದು ಮಧ್ಯಾಹ್ನ ಆ ಹುಡುಗಿ ಒಬ್ಬಳೇ ಬಂದು ಪ್ರವೇಶದ ಕಾಗದಗಳನ್ನು ಜಮ್ಫಿರಾ ಮೇಜಿನ ಮೇಲಿಟ್ಟಳು. ಎಲ್ಲ ಸರಿಯಾಗಿತ್ತು. ಕೆಳಗೆ ತಾಯಿಯ ಸಹಿ. ಜಮ್ಫಿರಾ ಸಹಿ ನೋಡಿದರು. ದೊಡ್ಡವರ ತರಗತಿಯಲ್ಲಿ ಪಕ್ಕ ಕೂರಿಸಿಕೊಂಡು ನಿಕುಲಿನಾಗೆ ಹೆಸರು ಬರೆಯಲು ಕಲಿಸಿದವರು ಅವರೇ. ನಿಕುಲಿನಾ ಕೊನೆಯ ಅಕ್ಷರವನ್ನು ಯಾವಾಗಲೂ ಗೆರೆಯ ಕೆಳಗೆ ಇಳಿಸಿ ಬರೆಯುತ್ತಾಳೆ. ಇಲ್ಲಿ ಎಲ್ಲ ಅಕ್ಷರಗಳೂ ಗೆರೆಯ ಮೇಲೇ ಕೂತಿದ್ದವು.

"ಇದು ನಿಮ್ಮಮ್ಮನ ಕೈ ಅಲ್ಲ ಕಣಮ್ಮ."

ಯಾಸ್ಮಿನಾ ತಲೆ ತಗ್ಗಿಸಿದಳು. "ಅವಳು ಹಾಕಲ್ಲ ಅತ್ತೆ. ನಂಗೆ ಹದಿನಾಲ್ಕಾಯ್ತು. ಅಂಗಳದಿಂದ ಆಚೆ ಬಿಡಲ್ಲ. ಅಕ್ಕನ ರೂಮಲ್ಲೇ ಮಲಗ್ಬೇಕು, ಅಕ್ಕನ ಬಟ್ಟೆ ಹಾಕ್ಕೋಬೇಕು. ನಾನು ಯಾರು ಅಂತ ಅವಳಿಗೆ ಮರೆತು ಹೋಗಿದೆ."

ಅವತ್ತು ಸಂಜೆ ಜಮ್ಫಿರಾ ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಗೇಟಿನ ಮುಂದೆ ನಿಂತರು. ಕಳಿಸು ಎನ್ನಲು ತನಗೆ ಬಾಯಿ ಇರಲಿಲ್ಲ ಎನ್ನುತ್ತಾರೆ. ಕಾಗದವನ್ನು ಬೇಲಿಯ ಮೇಲಿಂದ ಚಾಚಿ, "ನಿಂಗೆ ತಿಳಿಸ್ದೆ ಇದನ್ನ ಮುಂದಕ್ಕೆ ಕಳಿಸಲ್ಲ. ಹರಿದು ಹಾಕಿದ್ರೂ ಸರಿ," ಎಂದರು.

ನಿಕುಲಿನಾ ಕೋಳಿಗಳಿಗೆ ಜೋಳ ಚೆಲ್ಲುತ್ತಿದ್ದಳು. ಕೈ ಒರೆಸಿಕೊಂಡು ಬಂದು ಕಾಗದ ನೋಡಿದಳು, ಮಗಳನ್ನು ನೋಡಿದಳು. ಒಳಗೆ ಹೋಗಿ ಪೆನ್ನು ತಂದು, ಆ ಸಹಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತನ್ನದನ್ನು ಬರೆದಳು. ಕಾಗದ ಹಿಂದಕ್ಕೆ ಕೊಡುವಾಗ ಮಗಳ ಕಡೆ ತಿರುಗಿ ಹೇಳಿದಳು: "ಸಹಿ ಹಾಕಿದೀನಿ ಅಂತ ಹೇಳು ಅವ್ರಿಗೆ. ಕಳಿಸ್ತೀನಿ ಅಂತ ಹೇಳಿಲ್ಲ."

ಸೋಮವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಮೇಷ್ಟ್ರುಗಳಿಗೆ ಕೊಡಲೆಂದು ಮಕ್ಕಳು ಹಿತ್ತಲಿನ ಸೇವಂತಿಗೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದಿದ್ದಾರೆ. ಮೇಲಿನ ತರಗತಿಯವರೂ ಸೇರಿ ಹದಿನೇಳು ಜನ ಸಾಲಾಗಿ ಹೊರಡುತ್ತಾರೆ. ಜಮ್ಫಿರಾ ಮುಂದೆ, ಟಾರ್ಚು ಹಿಡಿದ ದೊಡ್ಡ ಹುಡುಗಿಯೊಬ್ಬಳು ಹಿಂದೆ. ತಿರುವು ಬಂದಾಗ ಯಾರೂ ಹೇಳದೆಯೇ ಎಲ್ಲರ ಮಾತು ನಿಲ್ಲುತ್ತದೆ. ಬಸ್ಸು ಆರೂ ಇಪ್ಪತ್ತೈದಕ್ಕೆ ಬರುತ್ತದೆ. ಒಬ್ಬೊಬ್ಬರೂ ಹತ್ತುವಾಗ ಜಮ್ಫಿರಾ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಯಾಸ್ಮಿನಾ ಬಂದಿಲ್ಲ. ಮಂಗಳವಾರವೂ ಬರುವುದಿಲ್ಲ, ಬುಧವಾರವೂ ಇಲ್ಲ. ಹತ್ತು ದಿನ ಗೈರಾದರೆ ಶಾಲೆಯಿಂದ ನೋಟಿಸು ಹೊರಡುತ್ತದೆ.

"ಇನ್ನೊಂದು ಸಲ ಹೋಗಿ ಕೇಳಬಾರದಾ?" ಎನ್ನುತ್ತೇನೆ.

"ಬೇರೆ ಯಾವ ಮನೆಯಾಗಿದ್ರೂ ದಿನಕ್ಕೆರಡು ಸಲ ಹೋಗ್ತಿದ್ದೆ. ಆ ಮನೇಲಿ ಕೇಳೋಕೆ ನಾನು ಯಾರು?"

ಎರಡನೆಯ ವಾರದ ಮಂಗಳವಾರ, ಸಾಲು ಊರು ದಾಟಿ ಜೋಳದ ಹೊಲದ ಪಕ್ಕ ಬಂದಾಗ ಹಿಂದಿದ್ದ ಹುಡುಗಿ ಪಿಸುಗುಟ್ಟುತ್ತಾಳೆ: "ಅತ್ತೆ, ಯಾರೋ ಬರ್ತಿದಾರೆ." ನಲವತ್ತು ಹೆಜ್ಜೆ ಹಿಂದೆ ಒಂದು ಟಾರ್ಚಿನ ಬೆಳಕು. ಜಮ್ಫಿರಾ ನಿಲ್ಲುವುದಿಲ್ಲ, ನಡಿಗೆ ಮಾತ್ರ ನಿಧಾನ ಮಾಡುತ್ತಾರೆ. ಬೆಳಕು ಹತ್ತಿರ ಬರುವುದಿಲ್ಲ, ದೂರವೂ ಆಗುವುದಿಲ್ಲ. ಕ್ರಾಸಿನಲ್ಲಿ ನೋಡಿದರೆ ನಿಕುಲಿನಾ ಮಗಳ ತೋಳು ಹಿಡಿದು ನಿಂತಿದ್ದಾಳೆ. ಯಾಸ್ಮಿನಾ ಮೈಮೇಲೆ ಹೊಸ ಕೋಟು, ಕಡು ಕಿತ್ತಳೆ ಬಣ್ಣದ್ದು. ಬಸ್ಸು ಬಂದಾಗ ತಾಯಿ ತೋಳು ಬಿಡುವುದಿಲ್ಲ. ಚಾಲಕ ಹಾರನ್ ಮಾಡುತ್ತಾನೆ.

"ಅಮ್ಮಾ, ಬಿಡು."

ನಿಕುಲಿನಾ ಬಿಡುತ್ತಾಳೆ. ಬಸ್ಸು ಗುಡ್ಡದ ಆಚೆ ಮರೆಯಾದ ಮೇಲೂ ಆ ಕೈ ಹಾಗೇ ಮುಂದಕ್ಕೆ ಚಾಚಿಕೊಂಡಿರುತ್ತದೆ. ಆಮೇಲೆ ಇಬ್ಬರು ಹೆಂಗಸರೂ ಊರಿನ ಕಡೆ ಹೊರಡುತ್ತಾರೆ, ಒಬ್ಬರು ರಸ್ತೆಯ ಎಡಕ್ಕೆ, ಇನ್ನೊಬ್ಬರು ಬಲಕ್ಕೆ. ನಾಲ್ಕು ಕಿಲೋಮೀಟರ್, ಮಾತಿಲ್ಲ. ನಾನು ಹಿಂದೆ ನಡೆಯುತ್ತೇನೆ. ತಿರುವಿನಲ್ಲಿ ನಿಕುಲಿನಾ ನಿಂತು ಶಿಲುಬೆ ಸನ್ನೆ ಮಾಡುತ್ತಾಳೆ. ಆಚೆ ಬದಿಯಲ್ಲಿ ಜಮ್ಫಿರಾ ಕೂಡ ನಿಲ್ಲುತ್ತಾರೆ, ಅವಳು ಹೊರಡುವವರೆಗೆ ಅಲುಗದೆ.

ಆ ವಾರ ಪೂರ್ತಿ ಹೀಗೇ ನಡೆಯಿತು. ಮುಂದಿನ ಸೋಮವಾರ, ಹಿಂದಿರುಗುವಾಗ, ರಸ್ತೆಯ ಆ ಬದಿಯಿಂದ ನಿಕುಲಿನಾ ಮುಖ ತಿರುಗಿಸದೆ ಕೇಳಿದಳು: "ಇವತ್ತು ಯಾವ ಬಸ್ಸು?"

"ಕೆಂಪು. ಸಂಜೇದು. ನಾಲ್ಕೂ ಮುಕ್ಕಾಲಿಗೆ ಕ್ರಾಸಿಗೆ ಬರುತ್ತೆ. ನಾನು ನಾಲ್ಕಕ್ಕೇ ಅಲ್ಲಿರ್ತೀನಿ."

"ಗೊತ್ತು," ಎಂದಳು ನಿಕುಲಿನಾ. "ಕಿಟಕಿಯಿಂದ ದಿನಾ ನೋಡ್ತೀನಿ."

ಅಷ್ಟೇ ಮಾತು. ಅಕ್ಕಾ ಎಂದು ಕರೆಯಲಿಲ್ಲ.

ಕ್ಷಮಿಸು ಅಂತ ಯಾವತ್ತಾದರೂ ಕೇಳಿದ್ದೀರಾ ಎಂದು ಜಮ್ಫಿರಾ ಅವರನ್ನು ಕೇಳುತ್ತೇನೆ. ಒಲೆಯ ಮುಂದೆ ಒದ್ದೆ ಬೂಟುಗಳಿಗೆ ಕಾಗದ ತುರುಕುತ್ತ ಅವರು ಇಲ್ಲವೆಂದು ತಲೆಯಾಡಿಸುತ್ತಾರೆ.

"ಹೆಂಗೆ ಕೇಳ್ಲಿ? ಅವಳು ಕೊಟ್ರೂ ನಾನು ಎಲ್ಲಿಟ್ಕೊಳ್ಳಲಿ ಅದನ್ನ?"

ಹಾಗಾದರೆ ನಿಮಗೆ ಆಗಬೇಕಾದದ್ದೇನು ಎಂದು ಕೇಳಿದಾಗ, ಬಸ್ಸು ಊರೊಳಗೆ ಬರಬೇಕು ಎನ್ನುತ್ತಾರೆ. ಹತ್ತನೆಯ ಅರ್ಜಿ ಬರೆದಾಗಿದೆ. ಬಸ್ಸು ಬಂದರೆ ಆಗ ಏನು ಮಾಡುತ್ತೀರಿ?

"ಏಳು ಗಂಟೆವರೆಗೆ ಮಲಗ್ತೀನಿ," ಎನ್ನುತ್ತಾರೆ. ನಾನು ಟಿಪ್ಪಣಿ ಪುಸ್ತಕ ಮುಚ್ಚುವಾಗ ಮತ್ತೆ ಹೇಳುತ್ತಾರೆ: "ನನ್ನ ಬಗ್ಗೆ ಜಾಸ್ತಿ ಬರೀಬೇಡಿ. ಮೂರು ವರ್ಷದಿಂದ ಈ ಊರಿನ ಒಂದು ಮಗುನೂ ಆ ರಸ್ತೇಲಿ ಒಂಟಿಯಾಗಿ ನಡೆದಿಲ್ಲ. ಅದನ್ನ ಬೇಕಾದ್ರೆ ಬರ್ಕೊಳಿ."