ಬೆನ್ನಿಗೆ ಬೆನ್ನು ಕೊಟ್ಟ ಬೇರಿಂಗುಗಳು

ಚಳ್ಳಕೆರೆಯಲ್ಲಿ ನನ್ನದೊಂದು ಲೇತ್ ಅಂಗಡಿ ಇತ್ತು. ಎಣ್ಣೆ ಮಿಲ್ಲಿನ ಶಾಫ್ಟ್, ಪಂಪ್‌ಸೆಟ್ಟಿನ ಬುಷ್, ಇವೇ ದಿನದ ಕೆಲಸ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಮೊಳಕಾಲ್ಮೂರಿನಿಂದ ಅಕ್ಕ ಬಂದಳು. ಕಂಕುಳಲ್ಲಿ ಭಾವನ ರೇಷ್ಮೆ ಮಗ್ಗದ ಹಲಗೆ. ಸೀರೆಯಲ್ಲಿ ಬುಟ್ಟಾ ಎತ್ತುವ ದಾರಗಳೆಲ್ಲ ಅದರ ಸಣ್ಣ ಸಣ್ಣ ತೂತುಗಳಲ್ಲಿ ಹಾದು ಇಳಿಯುತ್ತವೆ.

"ತೂತಿನ ಬಾಯೆಲ್ಲ ಸಿಬಿರೆದ್ದೈತೆ ಕಣೋ. ದಾರ ಸವೆದು ಹರೀತಾವೆ. ಹೊಸಾದು ಮಾಡಿಕೊಡ್ತೀಯಾ?"

"ಕೊಡ್ತೀನಿ" ಎಂದುಬಿಟ್ಟೆ. ತೂತು ಕೊರೆಯುವುದು ಸುಲಭ, ಅದರ ಅಂಚನ್ನು ನಯವಾಗಿ ಉರುಟು ಮಾಡುವುದು ಕಷ್ಟ. ಅದಕ್ಕೆ ಬೇಕಾದ ಪುಟ್ಟ ಕಟರ್ ನಿಧಾನ ತಿರುಗಿದರೆ ಮರವನ್ನು ಕೆತ್ತುವುದಿಲ್ಲ, ಸಿಗಿದುಹಾಕುತ್ತದೆ. ನನ್ನ ಮಿಷನ್ನುಗಳಿಗೆ ಅಷ್ಟು ವೇಗವಿರಲಿಲ್ಲ. ಹಾಗಾದರೆ ಕಟರನ್ನು ಹಿಡಿದು ಜೋರಾಗಿ ತಿರುಗಿಸುವ ಸ್ಪಿಂಡಲ್ ಒಂದನ್ನು ನಾನೇ ಮಾಡಿದರೆ? ಈ ಹುಳ ತಲೆಗೆ ಹೊಕ್ಕ ಮೇಲೆ ಊಟದ ಕಡೆ ಗಮನವೇ ಇಲ್ಲ.

ಲೇತಿನಲ್ಲಿ ಶಾಫ್ಟ್ ಕಡೆದೆ, ಅದು ಕೂರುವ ಕೊಳವೆ ಕೊರೆದೆ, ಗ್ರೈಂಡರಿನ ಮೋಟರಿನಿಂದ ಬೆಲ್ಟ್ ಎಳೆದೆ. ಕೈಗೆ ಸಿಕ್ಕ ಮಾಮೂಲಿ ಬೇರಿಂಗ್ ಹಾಕಿ ಸ್ವಿಚ್ ಒತ್ತಿದರೆ ಕಿವಿ ಸೀಳುವ ಕಿರುಚಾಟ! ಕಟರಿನ ತುದಿ ನಡುಗುತ್ತಿತ್ತು. ಉರುಟಾಗಬೇಕಿದ್ದ ತೂತು ಮೊಟ್ಟೆಯಾಯಿತು.

ಬೇರಿಂಗ್ ಅಂಗಡಿಯ ಸಾಹೇಬರ ಬಳಿ ಓಡಿದೆ. "ಸಾಹೇಬ್ರೇ, ವೇಗನೂ ತಡೀಬೇಕು, ಅಲ್ಲಾಡ್ಲೂಬಾರ್ದು."

ಅವರು ಒಂದು ಪೊಟ್ಟಣ ಬಿಚ್ಚಿದರು. "ಇದ್ರಾಗೆ ಗುಂಡು ಓರೆಯಾಗಿ ಕೂರ್ತಾವೆ ನೋಡ್ರಿ. ಜೋಡೀಲೇ ಹಾಕ್ಬೇಕು, ಒಂಟಿ ಹಾಕಿದ್ರೆ ಬೇಕಾರ್."

ನನ್ನ ಶಾಫ್ಟಿಗೆ ಕೂರುವಂಥದ್ದೇ ದೊಡ್ಡದು, ಸಣ್ಣದು ಎರಡಿದ್ದವು; ದೊಡ್ಡದು ಗಟ್ಟಿ ಕಾಣಿಸಿತು. ಆದರೆ ದೊಡ್ಡದರಲ್ಲಿ ಗುಂಡುಗಳು ಪ್ರತಿ ಸುತ್ತಿನಲ್ಲೂ ಹೆಚ್ಚು ದೂರ ಓಡಬೇಕು, ಹೆಚ್ಚು ಬಿಸಿಯಾಗುತ್ತವೆ. ಸಣ್ಣದನ್ನೇ ಆರಿಸಿದೆ. ಜೋಡಿಯನ್ನು ಕೂರಿಸುವುದು ಮುಖಕ್ಕೆ ಮುಖವೋ, ಬೆನ್ನಿಗೆ ಬೆನ್ನೋ? ಕೌಂಟರಿನ ಮೇಲೆ ತಿರುಗಿಸಿ ಮುರುಗಿಸಿ ನೋಡಿದೆ. ಬೆನ್ನಿಗೆ ಬೆನ್ನು ಕೊಟ್ಟರೆ ಶಾಫ್ಟಿಗೆ ಕಾಲಗಲಿಸಿ ನಿಂತವನ ಹಿಡಿತ ಸಿಗುತ್ತದೆ ಎಂದು ಹೊಳೆದಾಗ ಅಲ್ಲೇ ಚಪ್ಪಾಳೆ ಹೊಡೆದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

ಅಂಗಡಿಗೆ ಬಂದು ಗ್ರೀಸು ತುಂಬಿ, ನಟ್ಟು ಬಿಗಿದು ಓಡಿಸಿದೆ. ಕಿರುಚಾಟ ಹೋಗಿತ್ತು. ಅಕ್ಕ ಕೊಳವೆ ಮುಟ್ಟಿ ನೋಡಿ ಕೈ ಹಿಂದೆಳೆದುಕೊಂಡಳು. "ಅಯ್ಯೋ, ಕಾದ ಹೆಂಚಾಗೈತಲ್ಲೋ!"

ಬಿಗಿ ಜಾಸ್ತಿ, ಗ್ರೀಸೂ ಜಾಸ್ತಿ. ಸೀಮೆಎಣ್ಣೆಯಲ್ಲಿ ತೊಳೆದು, ಈ ಸಲ ಬೆರಳ ತುದಿಯಷ್ಟೇ ಗ್ರೀಸು ಸವರಿದೆ. ನಟ್ಟನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಸ್ವಿಚ್ ಒತ್ತಿದೆ. ಜೇನುಗೂಡಿನಂಥ ಗುಂಯ್ ಸದ್ದು, ಅಷ್ಟೇ. ಕಾಫಿ ಕುಡಿದು ಬಂದು ಮುಟ್ಟಿದರೂ ಉಗುರುಬೆಚ್ಚಗಿತ್ತು. ಕಟರ್ ಇಳಿಸಿದರೆ ಹೊಟ್ಟು ರಾಗಿಹಿಟ್ಟಿನಂತೆ ಹಾರಿತು. ತೂತಿನ ಅಂಚು ಗಾಜಿನಂತೆ ನುಣುಪು. "ಅಕ್ಕಾ, ನೋಡು ಬಾರೇ!" ಎಂದು ಬೀದಿಗೆ ಕೇಳುವಂತೆ ಕೂಗಿದೆ.

ಹಲಗೆ ಮುಗಿಸಿ ಅಕ್ಕನ ಜೊತೆ ನಾನೂ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಭಾವ ದಾರ ಪೋಣಿಸಿ, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ತುಳಿದರು. ದಾರಗಳು ಎಲ್ಲೂ ತಡೆಯದೆ ಏರಿಳಿದವು.

"ಚಾಲಾ ಬಾಗುಂದಿ ಕಣಪ್ಪಾ!" ಎಂದರು ಭಾವ. ಅವರು ಖುಷಿಯಾದರೆ ತೆಲುಗಿಗೆ ಜಾರುತ್ತಿದ್ದರು. ಆಮೇಲೆ ಪಕ್ಕದ ಮನೆಗಳ ನೇಕಾರರನ್ನು ಕರೆತಂದು ತೋರಿಸಿದರು. ಚಳ್ಳಕೆರೆಗೆ ಮರಳುವ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಅವರ ಮಗ್ಗಗಳ ಇನ್ನೆರಡು ಹಳೆಯ ಹಲಗೆಗಳಿದ್ದವು.