ಹೆಣ್ಣು ನೋಡಲು ಹೋದ ದಿನ ನನ್ನ ಕಿವಿಯಲ್ಲಿದ್ದ ಬೆಂಡು

ಇದು ಮೂರು ವರ್ಷದ ಹಿಂದಿನ ಮಾತು. ಮೆಕ್ಕೆಜೋಳದ ತೆನೆ ಮುರಿದು ಮುಗಿದು, ಹೊಲದಲ್ಲಿ ಬರೀ ದಂಟು ಒಣಗುತ್ತಿದ್ದ ಸಮಯ. ನಮ್ಮದು ತಾಳಗುಂದದ ಹತ್ತಿರದ ಊರು. ಮನೆಯಲ್ಲಿ ಸ್ವಲ್ಪ ಜಮೀನು, ಒಂದು ಹಿಂಡು ಕುರಿ. ನನಗೆ ಕುರಿಗಿಂತ ಬೈಕಿನ ಮೇಲೆ ಪ್ರೀತಿ ಜಾಸ್ತಿಯಾಗಿ ಶಿರಾಳಕೊಪ್ಪದಲ್ಲಿ ಗ್ಯಾರೇಜ್ ಹಾಕಿಕೊಂಡಿದ್ದೇನೆ. ಆ ವರ್ಷವೇ ನಮ್ಮ ಅಜ್ಜ ತೀರಿಕೊಂಡಿದ್ದರು.

ಅಜ್ಜನ ಎರಡೂ ಕಿವಿಯಲ್ಲಿ ಮುರು ಇರುತ್ತಿತ್ತು. ಮುರು ಅಂದರೆ ಹಿಂದಿನ ಗಂಡಸರು ಹಾಕುತ್ತಿದ್ದ ದಪ್ಪ ಉಂಗುರ. ಮೇಲೆ ಚಿನ್ನದ ತಗಡು, ಒಳಗೆ ಅರಗು. ಸ್ಲೇಟಿನ ಬಳಪದಷ್ಟು ದಪ್ಪ ಇತ್ತು. ಅದನ್ನು ತೆಗೆದಿಟ್ಟಾಗ ನಾನು ಅಜ್ಜನ ತೊಡೆ ಮೇಲೆ ಕೂತು ಅವರ ಕಿವಿಯ ತೂತಿಗೆ ಕಿರುಬೆರಳು ತೂರಿಸಲು ಹೋಗಿ ಬೈಸಿಕೊಳ್ಳುತ್ತಿದ್ದೆ. ಊರಲ್ಲಿ ಯಾರನ್ನು ಕೇಳಿದರೂ ನಮ್ಮ ಮನೆಗೆ 'ಮುರದಜ್ಜನ ಮನೆ' ಅಂತಲೇ ದಾರಿ ತೋರಿಸುತ್ತಿದ್ದರು.

ಅಜ್ಜ ಹೋದ ಮೇಲೆ ಮುರು ಡಬ್ಬಿ ಸೇರಿತು. ಅಪ್ಪನ ಕಿವಿಯಲ್ಲಿ ತೂತೇ ಮುಚ್ಚಿಹೋಗಿತ್ತು. ನನ್ನದು ಚಿಕ್ಕಂದಿನಲ್ಲಿ ಚುಚ್ಚಿಸಿದ್ದು, ತೆಳ್ಳನೆಯ ರಿಂಗು ಹೋಗುವಷ್ಟು ಮಾತ್ರ. ನನಗೆ ಹೆಣ್ಣು ಹುಡುಕುವ ಮಾತು ಶುರುವಾದಾಗ ಅಪ್ಪ ಡಬ್ಬಿ ತೆಗೆದು ನೋಡಿ, "ಇದನ್ನ ಇಟ್ಕಂಡು ಏನ್ ಮಾಡದು, ಕರಗ್ಸಿ ಸೊಸಿಗೆ ಓಲೆ ಮಾಡ್ಸನ" ಅಂದರು. ನಾನು ಹಾಕ್ಕೊಳ್ತೀನಿ ಅಂದೆ.

ಅಪ್ಪ ನಕ್ಕರು. "ಹಾಕ್ಕಳಲೇ ಬೀರೇಶ, ಯಾರ್ ಬ್ಯಾಡಂತಾರೆ? ಮದ್ವಿ ಹೊತ್ತಿಗೆ ನಿನ್ ಕಿವ್ಯಾಗಿದ್ರೆ ನಿಂದು. ಇಲ್ಲಂದ್ರ ಅಕ್ಕಸಾಲಿ ಹತ್ರ ಹೋಗ್ತೈತಿ, ಮತ್ತೆ ನನ್ನ ಕೇಳ್ಬ್ಯಾಡ."

ತೂತು ದೊಡ್ಡದು ಮಾಡುವ ದಾರಿಯನ್ನು ಅವ್ವ ಹೇಳಿಕೊಟ್ಟಳು. ಬೇವಿನ ಕಡ್ಡಿಯನ್ನು ನುಣ್ಣಗೆ ಹೆರೆದು, ಕೊಬ್ಬರಿ ಎಣ್ಣೆ ಸವರಿ ತೂತಿಗೆ ಹಾಕುವುದು. ಅದು ಸಲೀಸಾಗಿ ಆಡಲು ಶುರುವಾದ ಮೇಲೆ ಅದಕ್ಕಿಂತ ಕೊಂಚ ದಪ್ಪದ್ದು. ಅವಸರ ಮಾಡಬೇಡ ಅಂತ ಅವ್ವ ಹೇಳಿದ್ದಳು. ಎರಡನೇ ಕಡ್ಡಿಯವರೆಗೆ ನಾನೂ ಒಳ್ಳೆಯ ಹುಡುಗನ ಹಾಗೆ ಹೇಳಿದ್ದು ಕೇಳಿದೆ. ಅಷ್ಟರಲ್ಲಿ ಸೊರಬದ ಕಡೆಯಿಂದ, ಗುಡವಿ ಹತ್ತಿರದ ಒಂದು ಊರಿನ ಸಂಬಂಧ ಬಂತು. ನನ್ನ ಸೋದರಮಾವ ತಂದದ್ದು. ಮಾವ ತಂದ ಸಂಬಂಧ ಅಂದರೆ ಅರ್ಧ ಮದುವೆ ಆದ ಹಾಗೆ. ನನಗೆ ಹುಡುಗಿಗಿಂತ ಮೊದಲು ಅಕ್ಕಸಾಲಿಯ ಕುಲುಮೆಯೇ ಕಣ್ಣ ಮುಂದೆ ಬಂತು.

ಹಿಂದಿನವರು ಕಿವಿ ಹಿಗ್ಗಿಸಲು ಬೆಂಡು ಹಾಕುತ್ತಿದ್ದರು ಅಂತ ಅಜ್ಜ ಯಾವಾಗಲೋ ಹೇಳಿದ್ದು ನೆನಪಾಯಿತು. ಹೊಲದಲ್ಲಿ ಬೆಂಡಿಗೇನು ಬರ. ಹೆಣ್ಣು ನೋಡಲು ಹೋಗುವ ಹಿಂದಿನ ಸಂಜೆ ಒಂದು ಒಣಗಿದ ಜೋಳದ ದಂಟು ಸೀಳಿ, ಒಳಗಿನ ಬಿಳಿ ಬೆಂಡನ್ನು ಬಿಗಿಯಾಗಿ ಹಿಸುಕಿ ಸಣ್ಣದು ಮಾಡಿ ಎರಡೂ ಕಿವಿಗೆ ತುರುಕಿಕೊಂಡೆ. ಉರಿಯಿತು. ಉರಿದರೆ ಕೆಲಸ ಆಗುತ್ತಿದೆ ಅಂತ ತಿಳಿದು ಮಲಗಿದೆ.

ಬೆಳಿಗ್ಗೆ ಅವ್ವ ನೀರು ಕಾಯಿಸಿ ಕರೆದಳು. ನಾನು ಬೆಂಡಿನ ವಿಷಯ ಮರೆತು ತಲೆಗೆ ಬಿಸಿಬಿಸಿ ನೀರು ಸುರಿದುಕೊಂಡೆ. ಬೆಂಡು ನೀರು ಕುಡಿದರೆ ಉಬ್ಬುತ್ತದೆ ಅನ್ನುವುದು ಕುರಿ ಕಾಯುವ ಹುಡುಗರಿಗೂ ಗೊತ್ತು. ಒರೆಸಿಕೊಳ್ಳುವಾಗ ಕಿವಿ ಜುಮ್ಮೆಂದು ಹೊಡೆದುಕೊಳ್ಳತೊಡಗಿತು. ಬಲಗಿವಿಯದನ್ನು ಅವ್ವ ಹೇಗೋ ಎಳೆದು ತೆಗೆದಳು. ಎಡಗಿವಿಯದು ಎರಡೂ ಕಡೆ ಅಣಬೆಯ ಹಾಗೆ ಅರಳಿ ಕೂತಿತ್ತು, ಮುಟ್ಟಲೂ ಬಿಡುತ್ತಿರಲಿಲ್ಲ. ಹೊರಗೆ ಮಾವನ ಓಮ್ನಿ ಹಾರನ್ ಹೊಡೆಯುತ್ತಿತ್ತು.

"ಗ್ವಾಡಿ ಕಡೀಗೆ ಎಡಗಿವಿ ಮಾಡಿ ಕುಂದ್ರು, ಯಾರಿಗೂ ಕಾಣಂಗಿಲ್ಲ" ಅಂದಳು ಅವ್ವ.

ಹುಡುಗಿ ಮನೆಯವರು ಬಹಳ ಮರ್ಯಾದೆಯ ಜನ. ಅದೇ ತೊಂದರೆಯಾಯಿತು. ನಾನು ಗೋಡೆ ಪಕ್ಕದ ಬೆಂಚಿನಲ್ಲಿ ಕೂರಲು ಹೋದರೆ, ಹುಡುಗಿಯ ಅಪ್ಪ ಕೈ ಹಿಡಿದು, "ಅಲ್ಲಿ ಬ್ಯಾಡ್ರೀ, ಇಲ್ಲಿ ಗಾಳಿ ಬರ್ತದೆ" ಅಂತ ನಡುಮನೆಯ ಕುರ್ಚಿಯಲ್ಲಿ ಕೂರಿಸಿದರು. ನನ್ನ ಎಡಗಿವಿ ಸೀದಾ ಅಡಿಗೆಮನೆ ಬಾಗಿಲ ಕಡೆಗೆ. ಅವಲಕ್ಕಿ ಕೊಟ್ಟರು. ದವಡೆ ಆಡಿಸಿದರೆ ಕಿವಿಯಿಂದ ನೆತ್ತಿಯವರೆಗೆ ನೋವು ಏರುತ್ತಿತ್ತು. ನಾನು ಒಂದೊಂದೇ ಕಾಳು ತಿನ್ನುವುದನ್ನು ನೋಡಿ ಅವರು ಹುಡುಗ ಬಹಳ ಸಂಕೋಚದವನು ಅಂದುಕೊಂಡಿರಬೇಕು.

ಹುಡುಗಿ ಚಹಾ ತಂದಳು. ಹೆಸರು ರೂಪಾ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ ಅಂತ ಮಾವ ಹೇಳಿದ್ದರು. ಲೋಟ ಕೊಟ್ಟವಳು ನನ್ನ ಮುಖ ನೋಡಲಿಲ್ಲ, ಕಾಲರ್ ನೋಡಿದಳು. ಒಳಗೆ ಹೋಗಿ ಏನೋ ಹೇಳಿದಳು. ಮರುಕ್ಷಣ ಅವಳ ಅಜ್ಜಿ ಸೊಂಟಕ್ಕೆ ಕೈಕೊಟ್ಟು ಹೊರಗೆ ಬಂದರು.

"ತಮ್ಮಾ, ಕಿವೀಲಿ ಎಂತದದು? ಅಂಗಿಗೆಲ್ಲ ರಕ್ತ ಆಗ್ಯದೆ."

ಮಾವ ಗಂಟಲು ಸರಿಮಾಡಿಕೊಂಡು, "ಅದು ಈಗಿನ ಫ್ಯಾಶನ್ನು ಕಣಮ್ಮ, ಶಿರಾಳಕೊಪ್ಪದ ಹುಡುಗ್ರೆಲ್ಲ ಹಾಕ್ತಾರೆ" ಅಂದರು.

"ಫ್ಯಾಶನ್ ಆದ್ರೆ ಕಣ್ಣಲ್ಲಿ ನೀರು ಯಾಕೆ ಬರ್ತದೆ?" ಅಂದರು ಅಜ್ಜಿ.

ಅಪ್ಪ ನೆಲ ನೋಡುತ್ತಾ ಕೂತರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸುಳ್ಳು ಹೇಳುವ ತ್ರಾಣವೂ ಇರಲಿಲ್ಲ. ಅಜ್ಜನ ಮುರು, ಅಪ್ಪನ ಮಾತು, ಜೋಳದ ಬೆಂಡು, ಬಿಸಿನೀರು, ಎಲ್ಲ ಹೇಳಿಬಿಟ್ಟೆ. ಯಾರೋ ಕಿಸಕ್ಕೆಂದು ನಕ್ಕರು. ಅಜ್ಜಿ ನಗಲಿಲ್ಲ. ತಮ್ಮ ಸೆರಗು ಸರಿಸಿ ಎಡಗಿವಿ ತೋರಿಸಿದರು. ಹಾಲೆ ಎರಡು ಸೀಳಾಗಿ ನೇತಾಡುತ್ತಿತ್ತು.

"ನಂದೂ ಹಿಂಗೇ. ಕೀವಾಗಿ ಹಣ್ಣಾದ ಕಿವಿಗೆ ಭಾರದ ವಾಲೆ ಸಿಗಸ್ಕ್ಯಂಡು ಮದುವಿ ಮನೆಗೆ ಹೋಗಿದ್ದೆ. ಹರಿದು ಹೋತು. ಆಮೇಲೆ ಈ ಕಿವಿಗೆ ಎಂತದೂ ಹಾಕಕ್ಕಾಗ್ಲಿಲ್ಲ. ನಿಂದೂ ಹರೀತದೆ, ಬಾ ಇತ್ಲಾಗೆ."

ಹಿತ್ತಲ ಜಗಲಿಯಲ್ಲಿ, ಬೆಳಕಿದ್ದ ಕಡೆ ಕೂರಿಸಿದರು. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಲ್ಲಿ ಹೊಸ ಬಟ್ಟೆ ಅದ್ದಿ ಕಿವಿಯ ಮೇಲೆ ಇಟ್ಟರು. ರೂಪಾ ಹೊಲಿಗೆಯ ನೂಲು ಕತ್ತರಿಸುವ ಪುಟ್ಟ ಕತ್ತರಿಯನ್ನು ಕುದಿಯುವ ನೀರಿಗೆ ಹಾಕಿ ತೆಗೆದು ತಂದಳು. ಅಜ್ಜಿ ಕಿವಿ ಹಿಡಿದರು, ಅವಳು ಬಗ್ಗಿ ನಿಂತಳು.

"ಎಳೆಯಲ್ಲ. ಬೆಂಡನ್ನ ಚೂರು ಚೂರೇ ಕತ್ತರಿಸ್ತೀನಿ. ನೋವಾದ್ರೆ ಹೇಳ್ರಿ, ನಿಲ್ಲಿಸ್ತೀನಿ" ಅಂದಳು.

ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ನಾನು ನೋವಿಲ್ಲ ಅಂದೆ. ಅವಳು ಕೈ ನಿಲ್ಲಿಸಿ, "ಕಣ್ಣು ಮುಚ್ಕೊಂಡು ಹಲ್ಲು ಕಚ್ತಿದೀರ. ನಿಜ ಹೇಳ್ರಿ" ಅಂದಳು. ನೋವಾಗ್ತಿದೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ನೀರು ಹನಿಸಿ, ಮತ್ತೆ ಶುರು ಮಾಡಿದಳು. ಬೆಂಡು ಪುಡಿಪುಡಿಯಾಗಿ ಅಂಗೈ ಮೇಲೆ ಬಿತ್ತು. ಕೊನೆಯ ಚೂರು ಬಂದಾಗ ಕೀವೂ ಬಂತು. ಅಜ್ಜಿ ಅರಿಶಿನ ತರಲು ಎದ್ದರು.

"ಬ್ಯಾಡ ಅಜ್ಜಿ, ಡಾಕ್ಟ್ರಿಗೆ ಗಾಯ ಕಾಣ್ಬೇಕು. ಬಟ್ಟೆ ಮುಚ್ಚಿ ಕಳ್ಸು" ಅಂದಳು ರೂಪಾ.

"ನಾವೆಲ್ಲ ಅರಿಶಿನದಲ್ಲೇ ವಾಸಿ ಆದವ್ರು" ಅಂತ ಅಜ್ಜಿ ಗೊಣಗಿದರು. ಆದರೂ ಕೂತರು.

ಅಲ್ಲಿಂದ ಎದ್ದವರು ಸೀದಾ ಸೊರಬದ ಡಾಕ್ಟರ ಹತ್ತಿರ ಹೋದೆವು. ಅವರು ನೋಡಿ, ಇನ್ನೊಂದು ದಿನ ಬಿಟ್ಟಿದ್ದರೆ ಹಾಲೆ ಸೀಳುತ್ತಿತ್ತು ಅಂದರು. ಮಾತ್ರೆ, ಮುಲಾಮು ಬರೆದುಕೊಟ್ಟರು. ಗಾಯ ಪೂರ್ತಿ ಮಾಯುವವರೆಗೆ ಕಿವಿಗೆ ಕಡ್ಡಿಯೂ ಬೇಡ, ಕೈಯೂ ಬೇಡ ಅಂದರು. "ಆಮೇಲೂ ನಾನು ಹೇಳಿದಾಗ ಶುರು ಮಾಡು, ಅದೂ ತಿಂಗಳುಗಟ್ಟಲೆ ನಿಧಾನವಾಗಿ. ಚರ್ಮ ಹಿಗ್ಗಬೇಕು, ಹರಿಯಬಾರದು."

ತಿಂಗಳುಗಟ್ಟಲೆ ಅಂದ ತಕ್ಷಣ ಮುರು ಕೈತಪ್ಪಿತು ಅಂತ ಗೊತ್ತಾಯಿತು. ವಾಪಸ್ ಬರುವಾಗ ಓಮ್ನಿ ಶಿರಾಳಕೊಪ್ಪ ದಾಟಿದ ಮೇಲೆ ಅಪ್ಪ, "ಸಂಬಂಧಾನೂ ಹೋತು, ಮರ್ಯಾದಿನೂ ಹೋತು" ಅಂದರು. ನನಗೂ ಹಾಗೇ ಅನ್ನಿಸಿತ್ತು.

ಆ ವಾರದಲ್ಲೇ ಮಾವನಿಗೆ ಫೋನ್ ಬಂತು. ಮಾವ ಗ್ಯಾರೇಜಿಗೇ ಬಂದರು. ಬಂದವರು ನನ್ನ ಕಿವಿಯನ್ನೇ ನೋಡುತ್ತಾ, "ಹುಡ್ಗಿ ಕೇಳ್ತಾಳಂತಪ್ಪ, ಕಿವಿ ಹೆಂಗೈತಿ ಅಂತ" ಅಂದರು. ನಾನು ಸ್ಪ್ಯಾನರ್ ಕೆಳಗಿಟ್ಟು ಎಡಗಿವಿ ತಿರುಗಿಸಿ ತೋರಿಸಿದೆ.

ಅವರು ಒಪ್ಪಿ, ಮದುವೆ ಮಾತುಕತೆಗೆ ಅವರ ಮನೆಗೆ ಹೋದಾಗ ಅಪ್ಪ ಡಬ್ಬಿಯನ್ನೂ ತಂದಿದ್ದರು. ಎಲ್ಲರ ಮುಂದೆ ಮುರು ತೆಗೆದು ತೋರಿಸಿ, "ಇದನ್ನ ಕರಗ್ಸಿ ಹುಡ್ಗಿಗೆ ಓಲೆ ಮಾಡಿಸ್ತೀವಿ" ಅಂದರು. ಷರತ್ತಿಗೆ ಒಪ್ಪಿದವನು ನಾನೇ. ಬಾಗಿಲ ಹತ್ತಿರ ನಿಂತಿದ್ದ ರೂಪಾ ನನ್ನ ಅಪ್ಪನ ಕಡೆ ತಿರುಗಿ ಮಾತಾಡಿದಳು.

"ಮಾವಾ, ನಂಗೆ ಆ ಓಲೆ ಬ್ಯಾಡ. ಅದು ಹಂಗೇ ಇರ್ಲಿ. ಅವರ ಕಿವಿ ವಾಸಿ ಆಗ್ಲಿ, ಆಮೇಲೆ ಹಾಕ್ಕೊಳ್ತಾರೆ. ಒಂದು ವರ್ಷ ಆಗ್ಲಿ, ಎರಡು ಆಗ್ಲಿ."

ಅಪ್ಪ ಅವಳನ್ನು ನೋಡಿದರು, ಮುರುವನ್ನು ನೋಡಿದರು. ಡಬ್ಬಿ ಮುಚ್ಚಿ ಅವಳ ಕೈಗೇ ಕೊಟ್ಟು, "ಹಂಗಾರೆ ಇದು ನಿನ್ ತಾವೇ ಇರ್ಲಿ, ತಾಯಿ" ಅಂದರು.

ಮದುವೆಯಲ್ಲಿ ನನ್ನ ಕಿವಿ ಬೋಳಾಗಿಯೇ ಇತ್ತು. ಡಾಕ್ಟರು ಹೂಂ ಅಂದ ಮೇಲೆ ಹೊಸದಾಗಿ ಶುರುಮಾಡಿದೆವು. ಗ್ಯಾರೇಜಿನಿಂದ ಬಂದವನು ಗ್ರೀಸ್ ಕೈ ಸೋಪಿನಲ್ಲಿ ತಿಕ್ಕಿ ತೊಳೆಯುವವರೆಗೆ ಕಿವಿ ಮುಟ್ಟುವ ಹಾಗಿಲ್ಲ. ಸ್ನಾನ ಮಾಡಿ ಚರ್ಮ ಮೆತ್ತಗಿದ್ದಾಗ ಮಾತ್ರ ಕಡ್ಡಿ ಬದಲಿಸುವುದು, ಅದೂ ಹಳೆಯದು ಸಡಿಲವಾಗಿದ್ದರೆ. ಉರಿದರೆ ಮತ್ತೆ ಸಣ್ಣ ಕಡ್ಡಿಗೆ ವಾಪಸ್. ರೂಪಾ ಎರಡು ಬೆರಳಲ್ಲಿ ಎಣ್ಣೆ ಹಚ್ಚಿ ಹಾಲೆ ನೀವುತ್ತಿದ್ದಳು. ಒಮ್ಮೆ ಹೆಲ್ಮೆಟ್ ತೆಗೆಯುವಾಗ ಕಡ್ಡಿ ಸಿಕ್ಕಿಕೊಂಡು ಹಾಲೆ ಕೆಂಪಾಯಿತು. ಮಾಡಿದ್ದೆಲ್ಲ ನೀರಲ್ಲಿ ಹೋಯಿತು ಅಂತ ನಾನು ರೇಗಾಡಿದೆ. ಅವಳು ಕಡ್ಡಿ ತೆಗೆದಿಟ್ಟು, "ಮುಂದಿನ ತಿಂಗಳು ನೋಡನ" ಅಂದಳು, ಅಷ್ಟೆ.

ಎರಡು ವರ್ಷ ಹಿಡಿಯಿತು. ಮುರು ಒಳಗೆ ಹೋದ ದಿನ ಚೂರೂ ನೋವಾಗಲಿಲ್ಲ. ಕನ್ನಡಿ ಮುಂದೆ ನಾನು, ಹಿಂದೆ ರೂಪಾ, ಅವಳ ಹಿಂದೆ ಅಪ್ಪ. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕುರಿ ಹಟ್ಟಿ ಕಡೆ ಹೋದರು.

ಭಾರದ ಒಡವೆಯಾದ್ದರಿಂದ ದಿನಾ ಹಾಕುವುದಿಲ್ಲ. ಹಬ್ಬಕ್ಕೆ ಹಾಕಿ ಸಂಜೆ ತೆಗೆಯುತ್ತೇನೆ. ಮೊದಲ ಸಲ ಹಾಕಿಕೊಂಡು ರೂಪಾಳ ತವರಿಗೆ ಹೋದಾಗ ಜಂಬ ಇತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಎಲ್ಲರೂ ಮುರುವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಜ್ಜಿಗೆ ಈಗ ಕಣ್ಣು ಮಂಜು. ನನ್ನನ್ನು ಹತ್ತಿರ ಕೂರಿಸಿಕೊಂಡು ಎಡಗಿವಿಯ ಹಿಂದೆ ಬೆರಳಾಡಿಸಿದರು, ಹಾಲೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಚಿನ್ನವನ್ನು ಮುಟ್ಟಲೇ ಇಲ್ಲ.

"ಗಂಟಿಲ್ಲ ತಮ್ಮಾ. ಚಂದ ಕೂಡ್ಕ್ಯಂಡದೆ" ಅಂದರು.

ಅವತ್ತು ನಾನು ಆ ಮನೆಗೆ ಹುಡುಗಿಯನ್ನು ನೋಡಲು ಹೋಗಿದ್ದೆ. ಆದರೆ ನನಗೆ ನೋವಾಗುತ್ತಿದೆ ಅನ್ನುವುದನ್ನು ಅವರು ನೋಡಿದರು.